ಪಿಸಿಒಎಸ್‌ಗೂ ಕರುಳಿಗೂ ಏನು ನಂಟು?

ಮುಟ್ಟು ಮುಂದೆ ಹೋಗುತ್ತದೆ, ಗಲ್ಲದ ಮೇಲೆ ಕೂದಲು, ಮೊಡವೆ. ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಅಂದ ಕೂಡಲೇ ಎಲ್ಲರ ಕಣ್ಣು ಅಂಡಾಶಯದ ಮೇಲೆ. ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಕರುಳನ್ನೂ ನೋಡಿದರು.

2019ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಬಂದ ಅವರ ಅಧ್ಯಯನದಲ್ಲಿ, ಪಿಸಿಒಎಸ್ ಇದ್ದ ಮಹಿಳೆಯರ ಕರುಳಲ್ಲಿ ಬ್ಯಾಕ್ಟೀರಾಯ್ಡಿಸ್ ವಲ್ಗೇಟಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚಿತ್ತು. ಅದನ್ನು ಇಲಿಗಳಿಗೆ ಕೊಟ್ಟರು. ಅವುಗಳ ಋತುಚಕ್ರ ಏರುಪೇರಾಯಿತು, ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸಲಿಲ್ಲ. ಪಿತ್ತರಸದ ಕೆಲವು ಆಮ್ಲಗಳು ಕಡಿಮೆಯಾದವು. ಅದರೊಂದಿಗೆ ಕರುಳಿನ ರೋಗನಿರೋಧಕ ಕೋಶಗಳು ಸ್ರವಿಸುವ ಇಂಟರ್‌ಲ್ಯೂಕಿನ್-22 ಎಂಬ ಪ್ರೋಟೀನ್ ಕೂಡ ಇಳಿಯಿತು. ಅದನ್ನೇ ಹೊರಗಿನಿಂದ ಕೊಟ್ಟಾಗ ಇಲಿಗಳು ಚೇತರಿಸಿಕೊಂಡವು!

“ತಿನ್ನೋದು ಕಮ್ಮಿ ಮಾಡಮ್ಮ” ಎಂಬ ಮಾತು ಕೇಳಿ ಕೇಳಿ ನೊಂದವರೇ, ತಪ್ಪು ನಿಮ್ಮದಲ್ಲ. ಆದರೆ ಇಲಿಗೆ ಒಗ್ಗಿದ್ದು ಇನ್ನೂ ಮನುಷ್ಯರ ಔಷಧಿಯಾಗಿಲ್ಲ. ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ) ಡಬ್ಬಿ ನಂಬಿ ಡಾಕ್ಟರು ಬರೆದುಕೊಟ್ಟ ಮಾತ್ರೆ ನಿಲ್ಲಿಸಬೇಡಿ.