ಅಲೆ ಬಂದರೂ ಅಕ್ಷರ ಬಾರದೇಕೆ?

ಗುಬ್ಬಿ, ತುಮಕೂರು ನಗರ, ಕುಣಿಗಲ್ - ಈ ಮೂರು ಊರುಗಳಲ್ಲಿ ಮೂವರು ವಿದ್ಯಾರ್ಥಿಗಳು ರೇಡಿಯೋ ಗ್ರಾಹಕವನ್ನು ಗಣಕಯಂತ್ರಕ್ಕೆ ಜೋಡಿಸಿಕೊಂಡು ಕುಳಿತಿರುವರೆಂದು ಭಾವಿಸೋಣ. ದೂರದೇಶದ ಹವ್ಯಾಸಿ ನಿಲಯವೊಂದರ ಸಂಕೇತವು ಮೂವರ ತೆರೆಯ ಮೇಲೂ ತೆಳುವಾದ ಗೆರೆಯಾಗಿ ಮೂಡುತ್ತದೆ. ಗುಬ್ಬಿಯಲ್ಲಿಯೂ ಕುಣಿಗಲ್ಲಿನಲ್ಲಿಯೂ ಅದು ಅಕ್ಷರಗಳಾಗುತ್ತದೆ. ತುಮಕೂರಿನಲ್ಲಿ ಮಾತ್ರ ಆಗುವುದಿಲ್ಲ. ದೋಷವೆಲ್ಲಿದೆ?

ಇಂಥ ಸಂಕೇತಪದ್ಧತಿಗಳಲ್ಲಿ ‘ವಿಸ್ಪರ್’ ಪ್ರಸಿದ್ಧವಾದುದು. 1993ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಜೋಸೆಫ್ ಟೇಲರ್ ಅವರು 2008ರಲ್ಲಿ ಇದನ್ನು ಬಳಕೆಗೆ ತಂದರು. ನಿಲಯದ ಗುರುತು, ಅದರ ನೆಲೆ, ಪ್ರಸಾರದ ಶಕ್ತಿ - ಸಂದೇಶವೆಂದರೆ ಇಷ್ಟೇ. ಇದನ್ನು 162 ಸ್ವರಗಳಾಗಿ ಹರಡಿ ಸುಮಾರು 111 ಸೆಕೆಂಡುಗಳ ಕಾಲ ನಿಧಾನವಾಗಿ ಕಳುಹಿಸುತ್ತಾರೆ. ಆದುದರಿಂದಲೇ, 2500 ಹರ್ಟ್ಸ್ ಅಗಲದ ಪಟ್ಟಿಯಲ್ಲಿ ತುಂಬಿರುವ ಗದ್ದಲಕ್ಕಿಂತ ಸುಮಾರು 600 ಪಟ್ಟು ಕ್ಷೀಣವಾದ ಸಂಕೇತವನ್ನೂ ತಂತ್ರಾಂಶವು ಓದಬಲ್ಲದು.

ಗೆರೆ ನೇರವಾಗಿ, ಸ್ಪಷ್ಟವಾಗಿ ಇದ್ದೂ ಅಕ್ಷರ ಬಾರದಿದ್ದರೆ ನಾವು ಮೊದಲು ಗಡಿಯಾರವನ್ನು ಶಂಕಿಸಬೇಕು. ಪ್ರಸಾರವು ಸಮಸಂಖ್ಯೆಯ ನಿಮಿಷ ಹುಟ್ಟಿ ಒಂದು ಸೆಕೆಂಡು ಕಳೆದೊಡನೆ ತೊಡಗುತ್ತದೆ. ನಮ್ಮ ಕಾಲವು ಅಂತರರಾಷ್ಟ್ರೀಯ ಕಾಲಕ್ಕಿಂತ ಐದೂವರೆ ಗಂಟೆ ಮುಂದಿದ್ದರೂ, 30 ಸಮಸಂಖ್ಯೆಯೇ ಆದುದರಿಂದ ಅಲ್ಲಿಯ ಸಮನಿಮಿಷ ಇಲ್ಲಿಯೂ ಸಮನಿಮಿಷವೇ. ಗಣಕದ ಗಡಿಯಾರವು ಕೆಲವೇ ಸೆಕೆಂಡು ತಪ್ಪಿದರೂ ಮೊದಲ ಸ್ವರ ಯಾವುದೆಂಬುದು ತಂತ್ರಾಂಶಕ್ಕೆ ತಿಳಿಯದು.

ಎರಡನೆಯದು ಆವರ್ತನ. 20 ಮೀಟರ್ ಪಟ್ಟಿಯಲ್ಲಿ ಗ್ರಾಹಕವನ್ನು 14.0956 ಮೆಗಾಹರ್ಟ್ಸಿಗೆ ನಿಲ್ಲಿಸಿದಾಗ ಸಂಕೇತಗಳು 1400ರಿಂದ 1600 ಹರ್ಟ್ಸಿನ ಧ್ವನಿಯಾಗಿ ಬರಬೇಕು. ಗ್ರಾಹಕದ ಅಂಕಗಳು 200 ಹರ್ಟ್ಸಿನಷ್ಟು ತಪ್ಪಿದ್ದರೆ ಗೆರೆಯು ಈ ಕಿಂಡಿಯ ಹೊರಗೆ ಬೀಳುತ್ತದೆ. ಗೆರೆಯು ಓರೆಯಾಗಿದ್ದರೆ, ಗ್ರಾಹಕ ಕಾಯುತ್ತಾ ಆವರ್ತನ ಜಾರುತ್ತಿರಬಹುದು. ಸ್ವರಸ್ವರಗಳ ನಡುವಣ ಅಂತರ ಒಂದೂವರೆ ಹರ್ಟ್ಸಿನಷ್ಟೇ ಇರುವುದರಿಂದ ಸ್ವಲ್ಪ ಜಾರಿದರೂ ಕೆಡುಕು. ಅರ್ಧ ಗಂಟೆ ಅದನ್ನು ಕಾಯಲು ಬಿಟ್ಟು ನೋಡಬೇಕು.

ಒಂದು ಗೆರೆಯ ಪಕ್ಕದಲ್ಲಿ ಹುಸಿಗೆರೆಗಳು ಮೂಡಿದರೆ ಧ್ವನಿಯ ಮಟ್ಟ ಮಿತಿಮೀರಿದೆಯೆಂದು ತಿಳಿದು ತಗ್ಗಿಸಬೇಕು. ಗೆರೆಯೇ ಗದ್ದಲದಲ್ಲಿ ಮುಳುಗಿದ್ದರೆ ಮನೆಯ ಎಲ್.ಇ.ಡಿ. ದೀಪಗಳನ್ನೂ ಚಾರ್ಜರುಗಳನ್ನೂ ಒಂದೊಂದಾಗಿ ಆರಿಸಿ ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಇಲ್ಲದಿದ್ದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಹವ್ಯಾಸಿಗಳ ಭೂಪಟದಲ್ಲಿ ನಮ್ಮ ಮೂರು ಊರುಗಳೂ ‘ಎಂ ಕೆ 83’ ಎಂಬ ಒಂದೇ ಚೌಕದಲ್ಲಿವೆ. ದೂರದ ಅಲೆಯು ಅಯಾನುಮಂಡಲದಿಂದ ಬಾಗಿ ಇಲ್ಲಿಗಿಳಿಯುವಾಗ ಮೂರಕ್ಕೂ ಬಹುಮಟ್ಟಿಗೆ ಒಂದೇ ಆಕಾಶ. ಒಂದು ಗಂಟೆಯ ಫಲಿತಾಂಶಗಳನ್ನು ಹೋಲಿಸಿದಾಗ ಮೂವರಿಗೂ ಏನೂ ದೊರೆಯದಿದ್ದರೆ ಆಕಾಶವನ್ನು ಶಂಕಿಸಬಹುದು. ಒಬ್ಬನಿಗೆ ಮಾತ್ರ ದೊರೆಯದಿದ್ದರೆ ದೋಷ ಅವನ ಮೇಜಿನ ಮೇಲಿದೆ. ಇದನ್ನು ಅರಿಯದೆ ‘ಇಂದು ಅಲೆ ಬರಲಿಲ್ಲ’ ಎಂದು ದಾಖಲಿಸಿದರೆ, ಗಡಿಯಾರದ ತಪ್ಪನ್ನು ಅಯಾನುಮಂಡಲದ ಲೆಕ್ಕಕ್ಕೆ ಬರೆದಂತಾಗುತ್ತದೆ. ಆಕಾಶವನ್ನು ಅಳೆಯುವ ಮೊದಲು ಅಳೆಯುವ ಕೋಲನ್ನು ಪರೀಕ್ಷಿಸುವುದೇ ವಿಜ್ಞಾನದ ಮೊದಲ ಪಾಠ.