ಕಣ್ಣೊಂದೇ ಸಾಲದು

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಬಗ್ಗೆ ಒಂದು ಪುಟ ಬರೆಯಿರಿ ಎಂದರೆ ಬಹುತೇಕರು ಬಣ್ಣದಿಂದಲೇ ಶುರು ಮಾಡುತ್ತಾರೆ. ಎತ್ತ ನೋಡಿದರೂ ಕೆಂಪು, ಕೆಂಪು ರಾಶಿ, ಕೆಂಪು ಗುಡ್ಡ. ಸುಳ್ಳೇನಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದೇ ಈ ಕಾಯಿಯ ಹೆಗ್ಗಳಿಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆದರೆ ಆ ಕೆಂಪನ್ನು ಫೋಟೊ ನೋಡಿಕೊಂಡೂ ಬರೆಯಬಹುದು. ಸುಗ್ಗಿಯ ದಿನಗಳಲ್ಲಿ ಅಲ್ಲಿ ಗಂಟಲು ಹಿಡಿಯುವ ಘಾಟನ್ನು ಹಾಗೆ ಬರೆಯಲು ಬರುವುದಿಲ್ಲ. ಅದಕ್ಕೆ ಹೋಗಿ ನಿಂತು ಕೆಮ್ಮಬೇಕು.

ಹಾವೇರಿ ಜಿಲ್ಲೆಯ ಹೈಸ್ಕೂಲುಗಳಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು ನಾನು. ಈಗಲೂ ಭಾನುವಾರ ನಮ್ಮ ಪಡಸಾಲೆಯಲ್ಲಿ ಬರೆಯುವ ಹುಚ್ಚಿನ ಹುಡುಗ ಹುಡುಗಿಯರು ಸೇರುತ್ತಾರೆ. ವರ್ಣನೆಯ ಬಗ್ಗೆ ಅವರಿಗೆ ನಾನು ಹೇಳುವುದು ಇಷ್ಟೇ: ಕಣ್ಣು ದೂರದಿಂದಲೂ ಕೆಲಸ ಮಾಡುತ್ತದೆ, ನಾಲಿಗೆ, ಚರ್ಮಗಳಿಗೆ ಹತ್ತಿರ ಹೋಗದೆ ಗತಿಯಿಲ್ಲ. ಬರೆದವನು ಹತ್ತಿರ ಹೋಗಿದ್ದನೋ ಇಲ್ಲವೋ ಎಂಬುದು ಓದುಗನಿಗೆ ಎರಡೇ ಸಾಲಿನಲ್ಲಿ ಗೊತ್ತಾಗಿಬಿಡುತ್ತದೆ.

ಒಮ್ಮೆ ಒಬ್ಬ ಹುಡುಗಿ ಇದೇ ಮಾರುಕಟ್ಟೆಯನ್ನು ‘ಕೆಂಪು ಸಮುದ್ರದಂತೆ’ ಎಂದು ಬರೆದು ತಂದಳು.

“ಸಮುದ್ರ ನೋಡೀಯೇನವಾ?”

“ಇಲ್ರಿ ಸರ್.”

“ಮತ್ತ ಇದು ಎಲ್ಲಿಂದ ಬಂತು?”

“ಗೈಡಿನ್ಯಾಗ ಇತ್ರಿ.”

ಅವಳ ಅಪ್ಪ ಅದೇ ಮಾರುಕಟ್ಟೆಯಲ್ಲಿ ಹಮಾಲ. ದಿನವಿಡೀ ಚೀಲ ಹೊರುವ ಅವನಿಗೆ ಕಣ್ಣು ಉರಿಯುವುದಿಲ್ಲವೇ ಎಂದು ಕೇಳಿದೆ. “ಅವಗ ರೂಢಿ ಆಗೇತ್ರಿ. ನಮಗ ಸೀನು ಬರ್ತಾವ” ಅಂದಳು. ಅದನ್ನೇ ಬರಿ ಎಂದೆ. ಮುಂದಿನ ವಾರ ತಂದದ್ದು ಹೀಗಿತ್ತು:

“ಅಪ್ಪ ಬಂದು ಅಂಗಿ ಕಳಚಿ ಗೂಟಕ್ಕೆ ಹಾಕುತ್ತಾನೆ. ತೊಟ್ಟಿಲಲ್ಲಿದ್ದ ತಮ್ಮ ಸೀನುತ್ತಾನೆ. ಅವ್ವ ಅಂಗಿಯನ್ನು ಹೊರಗೆ ಬೇಲಿಯ ಮೇಲೆ ಹಾಕಿ ಬರುತ್ತಾಳೆ. ಅಪ್ಪನ ಕೈಗಳನ್ನು ಹಾಗೆ ಹೊರಗೆ ಹಾಕಲು ಬರುವುದಿಲ್ಲ. ಅದಕ್ಕೇ ಅವನು ತಮ್ಮನನ್ನು ಎತ್ತಿಕೊಳ್ಳುವುದಿಲ್ಲ.”

ಇದರಲ್ಲಿ ಒಂದು ಉಪಮೆಯೂ ಇಲ್ಲ. ಬಡತನ, ಕಷ್ಟ, ಮಮತೆ ಎಂಬ ಮಾತುಗಳೂ ಇಲ್ಲ. ಒಂದು ಸೀನು ಎಲ್ಲವನ್ನೂ ಹೇಳಿ ಮುಗಿಸಿದೆ.

ಹಾಗೆಂದು ನಾನು ಅಲಂಕಾರದ ವಿರೋಧಿಯಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ, 9ನೇ ಶತಮಾನದ ಕವಿರಾಜಮಾರ್ಗ, ಕಾವ್ಯ ಕಟ್ಟುವ ಬಗೆಯನ್ನೇ ಕುರಿತದ್ದು. ಅದರ ಮೂರನೆಯ ಪರಿಚ್ಛೇದ ಇಡಿಯಾಗಿ ಅರ್ಥಾಲಂಕಾರಗಳಿಗೆ ಮೀಸಲು. ಲಕ್ಷ್ಮೀಶನನ್ನು ಉಪಮಾಲೋಲ ಎಂದೂ ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿ ಎಂದೂ ಕರೆದ ನಾಡು ನಮ್ಮದು. ಇದರ ಹಾಗೆ ಅದು ಎಂದರೆ ಉಪಮೆ. ಇದೇ ಅದು ಎಂದುಬಿಟ್ಟರೆ ರೂಪಕ. ದರ ಬಿತ್ತು, ಸಾಲ ಬೆನ್ನು ಹತ್ತಿತು ಎನ್ನುವಾಗ ಮಾರುಕಟ್ಟೆಯ ಮಂದಿಯೂ ರೂಪಕವನ್ನೇ ಆಡುತ್ತಿರುತ್ತಾರೆ.

ಹೋಲಿಕೆ ಎಲ್ಲಿಂದ ಬರಬೇಕು ಎಂಬುದೇ ಪ್ರಶ್ನೆ. ನೋಡುವವನ ಬದುಕಿನಿಂದ ಬರಬೇಕು. ಕುರಿ, ಆಡು ಕಾಯ್ದು ಬೆಳೆದ ಹುಡುಗನೊಬ್ಬ ಚೀಲದಿಂದ ಒಣಕಾಯಿ ಸುರಿಯುವ ಸದ್ದನ್ನು ‘ತರಗೆಲೆಯ ಮೇಲೆ ಆಡಿನ ಹಿಂಡು ನಡೆದಂಗ’ ಎಂದು ಬರೆದಿದ್ದ. ಸದ್ದಿಗೆ ಸದ್ದು ಹೊಂದಿತು. ಆಡುತ್ತಿರುವವನು ಯಾರು ಎಂಬುದೂ ತಿಳಿಯಿತು. ಮೆಚ್ಚಿದ್ದೇ ತಡ, ಅದರ ಪಕ್ಕದಲ್ಲೇ ಇನ್ನೂ ಎರಡು ಹೋಲಿಕೆ ಸೇರಿಸಿಕೊಂಡು ಬಂದ. ಎರಡನ್ನೂ ಹೊಡೆದುಹಾಕಿದೆ. ಒಂದು ಸದ್ದನ್ನು ಮೂರು ಸಲ ಹೋಲಿಸಿದರೆ ಓದುಗನಿಗೆ ಯಾವುದೂ ಕೇಳಿಸದು.

ಇಂದ್ರಿಯಗಳನ್ನು ಹೇಗೆ ಕರೆಯಬೇಕು ಎಂದು ಕಲಿಯಬೇಕಾದರೆ ನಾನು ಪಂಪನ ಬಳಿಗೆ ಕಳಿಸುತ್ತೇನೆ. 10ನೇ ಶತಮಾನದ ವಿಕ್ರಮಾರ್ಜುನ ವಿಜಯದಲ್ಲಿ ಬನವಾಸಿಯನ್ನು ನೆನೆಯುವ ಪದ್ಯ ಯಾರಿಗೆ ಗೊತ್ತಿಲ್ಲ? ಊರಿನ ಬೀದಿ, ಕೋಟೆ, ಉಪ್ಪರಿಗೆಗಳ ಪಟ್ಟಿ ಅಲ್ಲಿಲ್ಲ. ಮೊದಲು ಮೈಗೆ ತಾಗುವ ತೆಂಕಣ ಗಾಳಿ. ಆಮೇಲೆ ಕಿವಿಗೆ ಬೀಳುವ ಒಳ್ಳೆಯ ಮಾತು, ಇಂಪಾದ ಹಾಡು. ಅರಳಿದ ಮಲ್ಲಿಗೆ ಕಣ್ಣಿಗೆ ಬೀಳುವುದು ಅದಾದ ಮೇಲೆ. ಊರು ನೆನಪಾಗುವುದು ಚರ್ಮಕ್ಕೆ, ಕಿವಿಗೆ ಎಂದು ಆ ಕವಿಗೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕಿವಿಯನ್ನೇ ನಂಬಿದ ಕಾದಂಬರಿ. ಚೋಮ ಬಾಯಿಬಿಟ್ಟು ಆಡಲಾರದ ಸಿಟ್ಟು, ದುಃಖ ದುಡಿಯ ಬಡಿತದಲ್ಲಿ ಕೇಳಿಸುತ್ತದೆ.

ಮಾತು ಮೈಯಿಂದ ಹುಟ್ಟುತ್ತದೆ ಎಂಬುದಕ್ಕೆ ಮೆಣಸಿನಕಾಯಿಯೇ ಸಾಕ್ಷಿ. ಖಾರ ತಿಂದವನು ‘ನಾಲಿಗೆ ಸುಟ್ಟಿತು’ ಎನ್ನುತ್ತಾನೆ. ಬೆಂಕಿ ಇಲ್ಲ, ಸುಟ್ಟದ್ದೂ ಇಲ್ಲ. ಬರೀ ಅಲಂಕಾರ ಎಂದುಕೊಳ್ಳುತ್ತೇವೆ. ಆದರೆ ಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ಅಂಶ ನರದ ಯಾವ ಗ್ರಾಹಕವನ್ನು ಕೆಣಕುತ್ತದೋ, ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯೂ ಅದನ್ನೇ ಕೆಣಕುತ್ತದೆ. 1997ರಲ್ಲಿ ಇದನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ವಿಜ್ಞಾನ ಈಗ ಕಂಡುಕೊಂಡದ್ದನ್ನು ನಮ್ಮ ಅಡುಗೆಮನೆಗಳು ಎಂದಿನಿಂದಲೋ ಆಡುತ್ತಿದ್ದವು. ಮೈ ಒಪ್ಪಿದ ರೂಪಕ ಹೀಗೆ ಬಾಳುತ್ತದೆ. ಗೈಡಿನ ಸಮುದ್ರ ಪರೀಕ್ಷೆಯಾಚೆ ಉಳಿಯುವುದಿಲ್ಲ.

ಬರೆಯಬೇಕೆಂದಿರುವವರು ಇವತ್ತೇ ನಿಮ್ಮ ಊರಿನ ಬಸ್ ನಿಲ್ದಾಣವನ್ನೋ ಹಿಟ್ಟಿನ ಗಿರಣಿಯನ್ನೋ ಆರಿಸಿಕೊಳ್ಳಿ. ಅಲ್ಲಿ ಕೂತು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ. ಕೇಳಿಸಿದ್ದು, ಮೂಗಿಗೆ ಬಂದದ್ದು, ಕೈಗೆ ತಾಗಿದ್ದು ಇಷ್ಟನ್ನೇ ಮೊದಲು ಗುರುತು ಹಾಕಿಕೊಳ್ಳಿ. ಬಣ್ಣಗಳನ್ನು ಆಮೇಲೆ ಸೇರಿಸಿದರಾಯಿತು. ಹೋಲಿಕೆ ತಾನಾಗಿ ಬಂದರೆ ಒಂದನ್ನು ಇಟ್ಟುಕೊಳ್ಳಿ, ಬಾರದಿದ್ದರೆ ಹುಡುಕಿಕೊಂಡು ಹೋಗಬೇಡಿ. ಬರೆದು ಮುಗಿದ ಮೇಲೆ ‘ಸುಂದರ’, ‘ಅದ್ಭುತ’, ‘ರಮಣೀಯ’ ಎಂಬ ಮಾತುಗಳಿದ್ದರೆ ಹೊಡೆದುಹಾಕಿ. ಆ ತೀರ್ಪು ಕೊಡುವುದು ಓದುಗನ ಹಕ್ಕು, ಅದನ್ನು ಅವನಿಗೇ ಬಿಡಿ.