ಸಾಹಿತ್ಯವು ಪರೀಕ್ಷೆಯ ವಿಷಯವಾದ ಬಗೆ: ಇಂಗ್ಲಿಷ್ ಸಾಹಿತ್ಯದ ವಿಶ್ವವಿದ್ಯಾನಿಲಯ ವ್ಯಾಸಂಗ

ವಿಶ್ವವಿದ್ಯಾನಿಲಯಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ವ್ಯಾಸಂಗಮಾಡುವುದು ಈಗ ಎಷ್ಟು ರೂಢಿಯಾಗಿದೆಯೆಂದರೆ, ಈ ವಿಷಯವು ಆ ವಿದ್ಯಾಪೀಠಗಳಷ್ಟೇ ಪುರಾತನವಾದುದೆಂದು ಅನೇಕರು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಆಕ್ಸ್‌ಫರ್ಡಿನಲ್ಲಿ ಹನ್ನೆರಡನೆಯ ಶತಮಾನದಿಂದಲೂ ಪಾಠಪ್ರವಚನಗಳು ನಡೆದುಬಂದಿದ್ದರೂ, ಅಲ್ಲಿ ಇಂಗ್ಲಿಷಿಗೆ ಪ್ರತ್ಯೇಕವಾದ ಪದವಿಶಾಖೆ ಏರ್ಪಟ್ಟುದು 1894ರಲ್ಲಿ; ಕೇಂಬ್ರಿಜ್ಜಿನಲ್ಲಿ ಸ್ವತಂತ್ರವಾದ ಪದವಿಪರೀಕ್ಷೆ ಬಂದುದು 1917ರಲ್ಲಿ. ಷೇಕ್ಸ್‌ಪಿಯರ್ ಮಹಾಕವಿ ಕಾಲವಾದುದು 1616ರಲ್ಲಿ. ಎಂದರೆ, ಆತನ ಭಾಷೆಯ ಸಾಹಿತ್ಯವು ಆತನ ನಾಡಿನ ಒಂದು ಪ್ರಧಾನ ವಿದ್ಯಾಪೀಠದಲ್ಲಿ ತನ್ನ ಕಾಲ ಮೇಲೆ ತಾನು ನಿಲ್ಲುವುದಕ್ಕೆ ಮುನ್ನೂರು ವರ್ಷಗಳು ಕಾಯಬೇಕಾಯಿತು. ಈ ವಿಳಂಬವು ಕೇವಲ ಉದಾಸೀನದ ಫಲವಲ್ಲ. ತಾಯ್ನುಡಿಯ ಕಾವ್ಯವನ್ನು ಓದುವುದು ಒಂದು ವಿದ್ಯೆಯಾಗಬಲ್ಲುದೆ? ಆಗಬಲ್ಲುದಾದರೆ, ಅದನ್ನು ಕಲಿಸತಕ್ಕ ಕ್ರಮ ಯಾವುದು? ಕಲಿತವನನ್ನು ಪರೀಕ್ಷಿಸತಕ್ಕ ಬಗೆ ಯಾವುದು? ಈ ಪ್ರಶ್ನೆಗಳು ಅಲ್ಲಿಯ ವಿದ್ವಾಂಸರನ್ನು ಬಹುಕಾಲ ಬಾಧಿಸಿದುವು. ಕನ್ನಡವನ್ನು ಕಾಲೇಜುಗಳಲ್ಲಿ ಬೋಧಿಸುವವರಿಗೂ ಇವು ಹೊರಗಿನ ಪ್ರಶ್ನೆಗಳಲ್ಲ. ಆದುದರಿಂದ ಆ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಯುವುದು ಉಚಿತವಾಗಿದೆ.

ಹಿಂದಿನ ಕಾಲದ ಇಂಗ್ಲೆಂಡಿನಲ್ಲಿ ವಿದ್ಯೆಯೆಂದರೆ ಮುಖ್ಯವಾಗಿ ಲ್ಯಾಟಿನ್, ಗ್ರೀಕ್ ಮತ್ತು ಗಣಿತ. ತಾಯ್ನುಡಿಯ ಕಾವ್ಯನಾಟಕಗಳು ವಿರಾಮಕಾಲದ ವಿನೋದಕ್ಕೆ ಸೇರಿದುವು. ಅವನ್ನು ಗುರುಮುಖದಿಂದ ಕಲಿಯಬೇಕೆಂಬ ಭಾವನೆಯೇ ಇರಲಿಲ್ಲ. ಮೊದಲ ಬದಲಾವಣೆ ಸ್ಕಾಟ್ಲೆಂಡಿನಲ್ಲಿ ತೋರಿತು. ಮುಂದೆ ಅರ್ಥಶಾಸ್ತ್ರಜ್ಞನೆಂದು ಪ್ರಖ್ಯಾತನಾದ ಆಡಂ ಸ್ಮಿತ್ತನು 1748ರಿಂದ ಎಡಿನ್‌ಬರೋ ನಗರದಲ್ಲಿ ವಾಗ್ಮಿತೆ ಮತ್ತು ಸಾಹಿತ್ಯಗಳನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟನು. 1762ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯವು ಇದೇ ವಿಷಯಕ್ಕೆ ಹ್ಯೂ ಬ್ಲೇರನನ್ನು ಪ್ರಾಧ್ಯಾಪಕನನ್ನಾಗಿ ಪಡೆಯಿತು. ಆದರೆ ಅಲ್ಲಿ ಗ್ರಂಥಗಳು ಮಾದರಿಗಳಾಗಿ ಮಾತ್ರ ಬಂದುವು. ಶುದ್ಧವಾಗಿ, ಹಿತವಾಗಿ ಬರೆಯಲು ಮತ್ತು ಮಾತನಾಡಲು ಕಲಿಸುವುದೇ ಮುಖ್ಯೋದ್ದೇಶವಾಗಿತ್ತು. ಇಂಗ್ಲೆಂಡಿನಲ್ಲಿ ಮೊದಲ ಪೀಠವು 1828ರಲ್ಲಿ, ಈಗ ಯೂನಿವರ್ಸಿಟಿ ಕಾಲೇಜ್ ಎಂದು ಹೆಸರಾಗಿರುವ ಲಂಡನ್ನಿನ ಸಂಸ್ಥೆಯಲ್ಲಿ, ಥಾಮಸ್ ಡೇಲ್ ಎಂಬ ಪಾದ್ರಿಗೆ ದೊರೆಯಿತು. ಅನಂತರ ಕಾರ್ಮಿಕರ ಸಂಜೆಯ ತರಗತಿಗಳಲ್ಲಿಯೂ, ಸ್ತ್ರೀಯರ ವಿದ್ಯಾಶಾಲೆಗಳಲ್ಲಿಯೂ, 1873ರಲ್ಲಿ ಕೇಂಬ್ರಿಜ್ಜಿನವರು ಊರೂರುಗಳಲ್ಲಿ ಏರ್ಪಡಿಸಲಾರಂಭಿಸಿದ ಉಪನ್ಯಾಸಗಳಲ್ಲಿಯೂ ಈ ವಿಷಯ ಬೆಳೆಯಿತು. ಲ್ಯಾಟಿನ್ ಗ್ರೀಕುಗಳನ್ನು ಕಲಿಯುವ ಅನುಕೂಲವಿಲ್ಲದವರಿಗೆ ಇದೇ ಪ್ರಾಚೀನ ವಿದ್ಯೆಯ ಸ್ಥಾನದಲ್ಲಿ ನಿಂತಿತು. ಆದಕಾರಣವೇ, ಇದು ಸುಲಭವಾದ ವಿಷಯ, ಬೇರೆ ಗತಿಯಿಲ್ಲದವರ ವಿಷಯ ಎಂಬ ಅಪವಾದವೂ ಇದಕ್ಕೆ ಅಂಟಿಕೊಂಡಿತು.

ಇಷ್ಟರಲ್ಲಿ ಭಾರತದಲ್ಲಿ ನಡೆದ ಸಂಗತಿಗಳು ಆಶ್ಚರ್ಯಕರವಾಗಿವೆ. ಕಲ್ಕತ್ತೆಯ ಹಿಂದೂ ಕಾಲೇಜು 1817ರಲ್ಲಿ ಸ್ಥಾಪಿತವಾಯಿತು. ಮೆಕಾಲೆಯ ಟಿಪ್ಪಣಿಯೂ ಅದನ್ನು ಅನುಸರಿಸಿದ ಬೆಂಟಿಂಕನ ಆಜ್ಞೆಯೂ 1835ರವು. ಸರ್ಕಾರದ ನೌಕರಿಗಳಲ್ಲಿ ಇಂಗ್ಲಿಷ್ ವಿದ್ಯಾವಂತರಿಗೆ ಆದ್ಯತೆಯನ್ನು ಕೊಡತಕ್ಕುದೆಂದು 1844ರಲ್ಲಿ ಹಾರ್ಡಿಂಜನು ನಿರ್ಣಯಿಸಿದನು. ಕಲ್ಕತ್ತೆ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು 1857ರಲ್ಲಿ ಹುಟ್ಟಿದುವು. ಹೀಗೆ, ಆಕ್ಸ್‌ಫರ್ಡಿನ ವಿದ್ಯಾರ್ಥಿಗೆ ಮಿಲ್ಟನ್ನನ ಕಾವ್ಯವು ಪದವಿಗೆ ಬೇಕಾದ ವಿಷಯವಾಗುವುದಕ್ಕೆ ಬಹುಕಾಲ ಮೊದಲೇ ಕಲ್ಕತ್ತೆಯ ವಿದ್ಯಾರ್ಥಿ ಅದನ್ನು ಓದಿ ಪರೀಕ್ಷೆ ಕೊಡುತ್ತಿದ್ದನು. ಸರ್ಕಾರದ ಶಾಲೆಗಳಲ್ಲಿ ಕ್ರೈಸ್ತಮತವನ್ನು ಬೋಧಿಸಕೂಡದೆಂಬ ನಿಯಮವಿದ್ದುದರಿಂದ, ನೀತಿಶಿಕ್ಷಣದ ಭಾರವನ್ನು ಸಾಹಿತ್ಯದ ಮೇಲೆ ಹೊರಿಸಲಾಯಿತೆಂದು ಗೌರಿ ವಿಶ್ವನಾಥನ್ ಅವರು 1989ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ರಾಜ್ಯಾಡಳಿತಕ್ಕೂ ಈ ವ್ಯಾಸಂಗಕ್ಕೂ ಇದ್ದ ನಂಟು ಇಂಗ್ಲೆಂಡಿನ ಮೇಲೂ ಪ್ರಭಾವ ಬೀರಿತು. ಭಾರತದ ಸಿವಿಲ್ ಸರ್ವಿಸ್ ಹುದ್ದೆಗಳಿಗೆ 1855ರಲ್ಲಿ ಮುಕ್ತ ಸ್ಪರ್ಧಾಪರೀಕ್ಷೆ ಪ್ರಾರಂಭವಾದಾಗ, ಮೆಕಾಲೆಯ ಸಮಿತಿಯು ಸೂಚಿಸಿದ ಒಟ್ಟು 6875 ಅಂಕಗಳಲ್ಲಿ ಇಂಗ್ಲಿಷ್ ಭಾಷೆ, ಸಾಹಿತ್ಯ ಮತ್ತು ಇತಿಹಾಸಗಳಿಗೆ 1500 ಅಂಕಗಳಿದ್ದುವು. ಗ್ರೀಕಿಗೆ 750, ಲ್ಯಾಟಿನ್ನಿಗೆ 750, ಸಂಸ್ಕೃತಕ್ಕೆ 375. ಅಂಕವಿದ್ದ ಮೇಲೆ ಪಾಠ ಹುಟ್ಟುವುದೂ, ಪಾಠದ ಹಿಂದೆ ಕೈಪಿಡಿಗಳು ಹುಟ್ಟುವುದೂ ಸಹಜ. ಸಾಹಿತ್ಯವು ಒಂದು ಶಾಸ್ತ್ರವೆಂದು ಇತ್ಯರ್ಥವಾಗುವುದಕ್ಕೆ ಮೊದಲೇ ಅದು ಪರೀಕ್ಷೆಯ ವಿಷಯವಾಗಿ ಹೋಯಿತು. ಮುಂದೆ ತಲೆದೋರಿದ ತೊಡಕುಗಳಿಗೆಲ್ಲ ಇದೇ ಬೀಜವೆಂದು ಹೇಳಬಹುದು.

ಆಕ್ಸ್‌ಫರ್ಡಿನಲ್ಲಿ ವಾದವು ತೀವ್ರವಾದುದು 1885ರ ಅನಂತರ. ಆ ವರ್ಷ ಸ್ಥಾಪಿತವಾದ ಇಂಗ್ಲಿಷ್ ಭಾಷಾಸಾಹಿತ್ಯ ಪೀಠಕ್ಕೆ ಭಾಷಾಶಾಸ್ತ್ರಜ್ಞರಾದ ಆರ್ಥರ್ ನೇಪಿಯರ್ ಅವರು ನಿಯಮಿತರಾದರು. ಸಾಹಿತ್ಯದ ಪಕ್ಷವನ್ನು ಹಿಡಿದ ಜಾನ್ ಚರ್ಟನ್ ಕಾಲಿನ್ಸ್ ಅವರು ಇದನ್ನು ಉಗ್ರವಾಗಿ ಖಂಡಿಸಿ, ಇಂಗ್ಲಿಷ್ ಕಾವ್ಯವನ್ನು ಗ್ರೀಕ್ ಲ್ಯಾಟಿನ್ ಕಾವ್ಯಗಳೊಡನೆ ಸೇರಿಸಿ ಓದಿಸಬೇಕೆಂದು ಪತ್ರಿಕೆಗಳಲ್ಲಿ ಚಳವಳಿ ಹೂಡಿದರು. ಎದುರುಪಕ್ಷದಲ್ಲಿ ನಿಂತವರಲ್ಲಿ ಇತಿಹಾಸದ ಪ್ರಾಧ್ಯಾಪಕರಾದ ಎಡ್ವರ್ಡ್ ಫ್ರೀಮನ್ ಅವರು ಪ್ರಮುಖರು. 1887ರಲ್ಲಿ ಅವರು ಮಾಡಿದ ಆಕ್ಷೇಪಣೆಯ ಸಾರವಿಷ್ಟು: ಪರೀಕ್ಷಕನು ವಾಸ್ತವಾಂಶಗಳನ್ನು ಪರೀಕ್ಷಿಸಬಲ್ಲನೇ ಹೊರತು ರುಚಿಯನ್ನು ಪರೀಕ್ಷಿಸಲಾರನು, ಭಾಷೆಯ ಗಟ್ಟಿಯಾದ ವ್ಯಾಸಂಗವಿಲ್ಲದ ಸಾಹಿತ್ಯಚರ್ಚೆ ಕವಿಗಳ ವಿಷಯವಾದ ಹರಟೆಯಾಗಿ ಪರಿಣಮಿಸುವುದು. ಆ ವರ್ಷದ ಸೂಚನೆ ಬಿದ್ದುಹೋಯಿತು. 1894ರಲ್ಲಿ ಇಂಗ್ಲಿಷ್ ಶಾಖೆ ಏರ್ಪಟ್ಟಾಗ ಪ್ರಾಚೀನ ಇಂಗ್ಲಿಷ್ ಮತ್ತು ಮಧ್ಯಯುಗದ ಇಂಗ್ಲಿಷುಗಳಿಗೆ ದೊಡ್ಡ ಪಾಲು ಸಂದಿತು. 1904ರಲ್ಲಿ ವಾಲ್ಟರ್ ರ್‍ಯಾಲೆ ಅವರು ಸಾಹಿತ್ಯದ ಪ್ರಾಧ್ಯಾಪಕರಾಗಿ ಬಂದ ಮೇಲೆ ಸಾಹಿತ್ಯದ ಕಡೆ ಬಲಗೊಂಡಿತಾದರೂ, ಭಾಷಾಪಕ್ಷದ ಹಿಡಿತ ಸಡಿಲಲಿಲ್ಲ.

ಫ್ರೀಮನ್ ಅವರ ಆಕ್ಷೇಪಣೆಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ರುಚಿಗೆ ಅಂಕ ಕೊಡಹೊರಟರೆ ವಿದ್ಯಾರ್ಥಿಯು ಪರೀಕ್ಷಕನ ರುಚಿಯನ್ನು ಊಹಿಸಿ ಬರೆಯುವನು. ಅಲ್ಲಿ ವಿದ್ಯೆಯ ಬದಲು ವಂಚನೆ ಬೆಳೆಯುವುದು. ಆದರೆ ವ್ಯಾಕರಣವೊಂದನ್ನೇ ಇಟ್ಟುಕೊಂಡರೆ ಕಾವ್ಯವು ಶಬ್ದಗಳ ಗಣಿಯಾಗಿ ಉಳಿಯುವುದೇ ಹೊರತು ಕಾವ್ಯವಾಗಿ ಉಳಿಯದು. ಈ ಎರಡು ಪಕ್ಷಗಳಿಗೆ ವಿರೋಧವಿರಲೇಬೇಕೆಂಬುದೇನೂ ಇಲ್ಲವೆಂಬುದಕ್ಕೆ ಕನ್ನಡದಲ್ಲಿಯೇ ನಿದರ್ಶನವಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರಗಳಿಗೆ ಪ್ರಯೋಗಗಳನ್ನು ಪೂರ್ವಕವಿಗಳ ಕಾವ್ಯಗಳಿಂದಲೇ ಆರಿಸಿ ಕೊಡುತ್ತಾನೆ. ಆ ವ್ಯಾಕರಣವನ್ನು ಓದುವವನು ಕಾವ್ಯವನ್ನು ಬಿಟ್ಟು ಓದಲಾರನು. ಹಾಗೆಯೇ ಸಹೃದಯನೆಂದರೆ ಹುಟ್ಟಿನಿಂದಲೇ ರುಚಿಯುಳ್ಳವನೆಂದಷ್ಟೇ ಅಭಿನವಗುಪ್ತನು ಹೇಳಲಿಲ್ಲ; ಕಾವ್ಯದ ನಿರಂತರವಾದ ಅನುಶೀಲನದಿಂದ ಮನಸ್ಸೆಂಬ ಕನ್ನಡಿ ನಿರ್ಮಲವಾದವನು ಎಂಬುದು ಆತನ ಅಭಿಪ್ರಾಯ. ಅಭ್ಯಾಸದಿಂದ ಬರುವುದಾದರೆ ಕಲಿಸುವುದಕ್ಕೂ ಆಸ್ಪದವುಂಟು. ಕಲಿಸತಕ್ಕುದು ತೀರ್ಪನ್ನಲ್ಲ, ಓದುವ ಕ್ರಮವನ್ನು ಎಂಬ ಭೇದ ಮಾತ್ರ ಸ್ಪಷ್ಟವಾಗಬೇಕು.

ಈ ಭೇದವು ಇಂಗ್ಲೆಂಡಿನಲ್ಲಿ ತಿಳಿಯಾಗಿ ತೋರಿಬಂದುದು ಕೇಂಬ್ರಿಜ್ಜಿನಲ್ಲಿ. 1912ರಲ್ಲಿ ಅಲ್ಲಿಯ ಇಂಗ್ಲಿಷ್ ಸಾಹಿತ್ಯಪೀಠಕ್ಕೆ ಆರ್ಥರ್ ಕ್ವಿಲರ್ ಕೌಚ್ ಅವರು ಬಂದರು. 1917ರ ಸುಧಾರಣೆಯಲ್ಲಿ ಪ್ರಾಚೀನ ಇಂಗ್ಲಿಷ್ ಕಡ್ಡಾಯವಾಗಿ ಉಳಿಯಲಿಲ್ಲ. ಈ ಮಾರ್ಪಾಟಿಗೆ ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕರಾದ ಚ್ಯಾಡ್ವಿಕ್ ಅವರೇ ಬೆಂಬಲವಾಗಿ ನಿಂತುದು ಗಮನಾರ್ಹವಾಗಿದೆ. ಆ ಗುಂಪಿನ ತರುಣ ಅಧ್ಯಾಪಕರಾದ ಐ. ಎ. ರಿಚರ್ಡ್ಸ್ ಅವರು ಹೊಸದೊಂದು ಪ್ರಯೋಗವನ್ನು ಕೈಕೊಂಡರು. ಕವಿಯ ಹೆಸರು, ಕಾಲ ಯಾವುದನ್ನೂ ತಿಳಿಸದೆ ಕವಿತೆಗಳನ್ನು ಅಚ್ಚುಹಾಕಿಸಿ ವಿದ್ಯಾರ್ಥಿಗಳಿಗೆ ಹಂಚಿ, ಅವರು ಬಿಡುವಾಗಿ ಓದಿ ಬರೆದುಕೊಟ್ಟ ಅಭಿಪ್ರಾಯಗಳನ್ನು ಸಂಗ್ರಹಿಸಿದರು. ಹದಿಮೂರು ಕವಿತೆಗಳ ಮೇಲಿನ ಈ ಅಭಿಪ್ರಾಯಗಳನ್ನೂ ಅವುಗಳ ವಿಮರ್ಶೆಯನ್ನೂ ಒಳಗೊಂಡ ಗ್ರಂಥವು 1929ರಲ್ಲಿ ಪ್ರಕಟವಾಯಿತು. ಅದರ ಫಲಿತಾಂಶ ವಿದ್ವಾಂಸರನ್ನು ಬೆರಗುಗೊಳಿಸಿತು. ಹೆಸರಿನ ಆಸರೆ ತಪ್ಪಿದೊಡನೆ, ಒಳ್ಳೆಯ ಶಿಕ್ಷಣವನ್ನು ಪಡೆದಿದ್ದ ತರುಣರು ಸಹ ಪ್ರಸಿದ್ಧಕವಿಗಳ ಕೃತಿಗಳನ್ನು ಜರೆದಿದ್ದರು. ಸಾಧಾರಣವಾದ ಪದ್ಯಗಳನ್ನು ಹೊಗಳಿದ್ದರು. ಅದಕ್ಕಿಂತಲೂ ಮುಖ್ಯವಾಗಿ, ಎಷ್ಟೋ ಮಂದಿಗೆ ಪದ್ಯದ ವಾಚ್ಯಾರ್ಥವೇ ತಿಳಿದಿರಲಿಲ್ಲ.

ರಿಚರ್ಡ್ಸ್ ಅವರು ಓದುಗರ ತೊಡಕುಗಳನ್ನು ಹತ್ತು ಬಗೆಯಾಗಿ ವಿಂಗಡಿಸಿದರು. ವಾಚ್ಯಾರ್ಥವನ್ನು ತಪ್ಪಾಗಿ ಗ್ರಹಿಸುವುದು, ನಾದಲಯಗಳಿಗೆ ಕಿವುಡಾಗುವುದು, ಪದ್ಯಕ್ಕೆ ಸಂಬಂಧವಿಲ್ಲದ ಸ್ವಂತ ನೆನಪುಗಳನ್ನು ಅದರ ಮೇಲೆ ಹೇರುವುದು, ಮೊದಲೇ ಸಿದ್ಧವಾಗಿರುವ ಭಾವನೆಗಳಿಂದ ಪ್ರತಿಕ್ರಿಯೆ ತೋರುವುದು, ಅತಿಭಾವುಕತೆ, ಸ್ವಂತ ಮತಾಭಿಪ್ರಾಯಗಳಿಗೆ ಹೊಂದದುದನ್ನು ತಿರಸ್ಕರಿಸುವುದು ಮೊದಲಾದುವು ಅವುಗಳಲ್ಲಿ ಸೇರಿವೆ. ಫ್ರೀಮನ್ ಅವರ ಆಕ್ಷೇಪಣೆಗೆ ನಲವತ್ತು ವರ್ಷಗಳ ಮೇಲೆ ಇಲ್ಲಿ ಸಮಾಧಾನ ದೊರೆತಂತಾಯಿತು. ಹೇಗೆಂದರೆ, ಒಂದು ಪದ್ಯ ಹಿಡಿಸಿತೇ ಇಲ್ಲವೇ ಎಂಬುದಕ್ಕೆ ಅಂಕವಿಲ್ಲದಿರಬಹುದು; ಆದರೆ ಅದನ್ನು ಸರಿಯಾಗಿ ಓದಲಾಗಿದೆಯೇ ಎಂಬುದನ್ನು ಪದ್ಯವನ್ನೇ ಮುಂದಿಟ್ಟು ತೋರಿಸಬಹುದು. ತಪ್ಪು ಓದುವಿಕೆ ತಪ್ಪೆಂದು ಸಿದ್ಧಪಡಿಸಲು ಸಾಧ್ಯವಿರುವಲ್ಲಿ ವಿದ್ಯೆ ಇದ್ದೇ ಇರುವುದು. ಆದರೂ ಈ ಮಾರ್ಗಕ್ಕೆ ಒಂದು ಮಿತಿಯುಂಟು. ಕಾಲದೇಶಗಳನ್ನು ಮರೆಮಾಡಿದರೆ ಕೆಲವು ಶಬ್ದಗಳ ಅರ್ಥವೂ ಮರೆಯಾಗುವುದು. ಹಳೆಯ ಕವಿಯು ಯಾವ ಅರ್ಥದಲ್ಲಿ ಒಂದು ಮಾತನ್ನು ಬಳಸಿದನೆಂಬುದನ್ನು ತಿಳಿಸಲು ನಿಘಂಟೇ ಬೇಕು. ಅಂಥ ಐತಿಹಾಸಿಕ ನಿಘಂಟನ್ನು ಕೊಟ್ಟವರು ಆಕ್ಸ್‌ಫರ್ಡಿನ ಭಾಷಾಪಂಡಿತರೇ. ಅದರ ಮೊದಲ ಸಂಚಿಕೆ 1884ರಲ್ಲಿ ಹೊರಟು, ಇಡೀ ಗ್ರಂಥ ಮುಗಿದುದು 1928ರಲ್ಲಿ. ಎಂದರೆ ರಿಚರ್ಡ್ಸ್ ಅವರ ಗ್ರಂಥಕ್ಕೆ ಒಂದೇ ವರ್ಷ ಹಿಂದೆ. ಜಗಳವಾಡಿದ ಎರಡು ಪಕ್ಷಗಳೂ ಒಂದು ವಿದ್ಯೆಯ ಎರಡು ಕೈಗಳಾಗಿ ಕೆಲಸಮಾಡಿದ್ದುವು.

ಭಾರತದ ತರಗತಿಗಳಲ್ಲಿ ತೊಡಕು ಇಮ್ಮಡಿಯಾಗಿತ್ತು. ಇಲ್ಲಿಯ ವಿದ್ಯಾರ್ಥಿಗೆ ಭಾಷೆಯೂ ಪರಕೀಯ, ಕಾವ್ಯದ ಋತು, ಹೂವು, ಹಕ್ಕಿ, ದೈವಗಳೂ ಪರಕೀಯ. ಪದ್ಯವನ್ನು ಮುಟ್ಟಲಾಗದೆ ಆತನು ಪದ್ಯದ ಸುತ್ತಲಿನ ಟಿಪ್ಪಣಿಯನ್ನು ಉರುಹೊಡೆದನು. ಬೋಧನೆ ಪರೀಕ್ಷೆಗೆ ಅಧೀನವಾಗಿರುವುದನ್ನು 1917ರಿಂದ 1919ರವರೆಗೆ ಕೆಲಸಮಾಡಿದ ಕಲ್ಕತ್ತೆ ವಿಶ್ವವಿದ್ಯಾನಿಲಯದ ಆಯೋಗವೂ ದೊಡ್ಡ ದೋಷವೆಂದು ಎತ್ತಿ ತೋರಿಸಿತು. ಆದರೆ ಈ ದೂರದಿಂದಲೇ ಒಂದು ಲಾಭವನ್ನೂ ಪಡೆಯಬಹುದೆಂಬುದನ್ನು ಮೈಸೂರು ತೋರಿಸಿಕೊಟ್ಟಿತು. ಮಹಾರಾಜರ ಕಾಲೇಜಿನಲ್ಲಿ ಇಂಗ್ಲಿಷನ್ನು ಬೋಧಿಸುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದಲ್ಲಿ ಕನ್ನಡದ ಏಳಿಗೆಯ ಮಾರ್ಗವನ್ನು ಕುರಿತು ಉಪನ್ಯಾಸಮಾಡಿದರು. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟವಾಯಿತು. ಅದರಲ್ಲಿಯ ಅನೇಕ ಗೀತಗಳ ಮೂಲಗಳು, ಕಾಲೇಜುಗಳಲ್ಲಿ ಪಠ್ಯವಾಗಿ ಬಳಕೆಯಲ್ಲಿದ್ದ ಪಾಲ್‌ಗ್ರೇವನ ಕವಿತಾಸಂಗ್ರಹದವು. ಯಾವುದನ್ನು ಇತರರು ಟಿಪ್ಪಣಿಯಿಂದ ದಾಟಿಹೋಗುತ್ತಿದ್ದರೋ ಅದನ್ನು ಅವರು ಕನ್ನಡದಿಂದ ದಾಟಿಸಿದರು. ಟಿಪ್ಪಣಿ ಬರೆಯುವವನು ತನಗೆ ತಿಳಿಯದ ಮಾತನ್ನು ಬಿಡಬಹುದು, ಭಾಷಾಂತರಕಾರನು ಬಿಡುವಂತಿಲ್ಲ. ಒಂದೊಂದು ಶಬ್ದದ ತೂಕ, ಒಂದೊಂದು ಸಾಲಿನ ನಡೆ, ಇವನ್ನು ತನ್ನ ಭಾಷೆಯ ತಕ್ಕಡಿಯಲ್ಲಿ ಇಟ್ಟು ನೋಡದೆ ಆತನ ಕೆಲಸ ಸಾಗದು. ಆದ್ದರಿಂದ ಭಾಷಾಂತರವು ಓದುವಿಕೆಯ ಅತ್ಯಂತ ಕಠಿಣವಾದ ಪರೀಕ್ಷೆ. ಆ ಪರೀಕ್ಷೆಯಲ್ಲಿ ಕನ್ನಡದ ಛಂದಸ್ಸೂ ಹೊಸ ನಡೆಗಳನ್ನು ಕಲಿತುದು ಸಾಹಿತ್ಯಚರಿತ್ರೆಯ ಮಾತು.

ಇನ್ನೊಂದು ಸಾಮ್ಯವೂ ಇಲ್ಲಿದೆ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಎಂ. ಎ. ತರಗತಿ ಆರಂಭವಾದುದು 1927ರಲ್ಲಿ. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಕಾದಂತೆಯೇ ಇಲ್ಲಿ ಕನ್ನಡವೂ ಬಾಗಿಲಲ್ಲಿ ಕಾದಿತ್ತು. ತಾಯ್ನುಡಿಯಲ್ಲಿ ಕಲಿಯುವುದೇನಿದೆ ಎಂಬ ಪ್ರಶ್ನೆಯನ್ನು ಎರಡೂ ಎದುರಿಸಿದುವು. ಗೆದ್ದ ಮೇಲೆ ಎರಡಕ್ಕೂ ಒಂದೇ ಅಪಾಯ ಕಾದಿದೆ: ಕವಿಯ ಕಾಲ, ದೇಶ, ಮತ, ಆಶ್ರಯದಾತ ಎಂಬ ಪಟ್ಟಿಯನ್ನು ತಿಳಿದವನು ಕಾವ್ಯವನ್ನು ತಿಳಿದವನೆಂದು ಸಂತೃಪ್ತಿಪಡುವ ಅಪಾಯ. ಪಂಪನ ಕಾಲವನ್ನು ಬಲ್ಲ ವಿದ್ಯಾರ್ಥಿಗೆ ಹೆಸರು ತಿಳಿಸದೆ ಪಂಪನ ಒಂದು ಪದ್ಯವನ್ನು ಕೊಟ್ಟರೆ ಆತನು ಅದನ್ನು ಅನ್ವಯಿಸಿ, ಅರ್ಥೈಸಿ, ಅದರ ಬೆಲೆಯನ್ನು ಕಾಣಬಲ್ಲನೆ? ಈ ಪ್ರಯೋಗಕ್ಕೆ ಬೇಕಾದುದು ಒಂದು ಹಾಳೆ ಕಾಗದ ಮತ್ತು ಉತ್ತರವನ್ನು ತಾಳ್ಮೆಯಿಂದ ಓದುವ ಒಬ್ಬ ಅಧ್ಯಾಪಕ.

ಒಟ್ಟಿನಲ್ಲಿ ಇಂಗ್ಲಿಷ್ ವ್ಯಾಸಂಗದ ಚರಿತ್ರೆಯಿಂದ ತಿಳಿದುಬರುವುದು ಮೂರು ಅಂಶಗಳು. ಭಾಷಾಜ್ಞಾನವಿಲ್ಲದ ರಸಾಸ್ವಾದ ಹರಟೆಯಾಗುವುದು. ರಸಾಸ್ವಾದವಿಲ್ಲದ ಭಾಷಾಜ್ಞಾನ ಶುಷ್ಕವಾಗುವುದು. ಇವೆರಡನ್ನೂ ಕೂಡಿಸತಕ್ಕುದು ಗ್ರಂಥವನ್ನೇ ಕಣ್ಣ ಮುಂದಿಟ್ಟುಕೊಂಡು ನಡೆಸುವ ಎಚ್ಚರದ ಓದು. ಪರೀಕ್ಷೆಯು ಈ ಓದನ್ನು ಅನುಸರಿಸಿ ಬರಬೇಕು. ಓದು ಪರೀಕ್ಷೆಯನ್ನು ಅನುಸರಿಸಬಾರದು. ಆ ಕ್ರಮ ತಲೆಕೆಳಗಾದಲ್ಲಿ ವಿದ್ಯಾರ್ಥಿಗೆ ಪದವಿ ದೊರೆಯುವುದು, ಕಾವ್ಯ ದೊರೆಯದು. ಸರಿಯಾಗಿ ನಡೆದಲ್ಲಿ ಪರಭಾಷೆಯ ಕಾವ್ಯವೂ ಸ್ವಭಾಷೆಗೆ ಬಲವಾಗಿ ಪರಿಣಮಿಸುವುದೆಂಬುದಕ್ಕೆ ಹೊಸಗನ್ನಡ ಕವಿತೆಯೇ ಸಾಕ್ಷಿಯಾಗಿದೆ.